ಚಿತ್ರದಲ್ಲಿಲ್ಲದ ಬೆನ್ನು



ಬಾನುಲಿಗೆ ಬಂದು ಒಂದು ಫೋಟೊ ಬಗ್ಗೆ ಮಾತಾಡಿ ಎಂದಾಗ ನನಗೆ ಮೊದಲು ನಗು ಬಂತು. ತೋರಿಸಬೇಕಾದ್ದನ್ನು ತೋರಿಸಲು ಆಗದ ಜಾಗಕ್ಕೆ ತಂದು ಏನು ಮಾಡಲಿ? ಆಮೇಲೆ ಯೋಚಿಸಿದರೆ, ಇದು ನನಗೇನೂ ಹೊಸತಲ್ಲ. ನಾನು ರವಿಕೆ ಹೊಲಿಯುವವಳು. ನಲವತ್ತು ವರ್ಷಗಳ ಮೇಲಿಂದ ಹೆಂಗಸರು ನನ್ನ ಮುಂದೆ ನಿಂತು, ಎದುರಿಗಿಲ್ಲದ ಬಟ್ಟೆಯನ್ನು ಬರೀ ಬಾಯಲ್ಲಿ ಬಿಡಿಸಿ ಹೇಳಿದ್ದಾರೆ. "ತೋಳು ಇಲ್ಲಿ ಬುಟ್ಟಿ ಥರ ಉಬ್ಬಿರ್ಬೇಕು ಕಣಕ್ಕ, ಇಲ್ಲಿಂದ ಕೆಳಕ್ಕೆ ಬಿಗಿಯಾಗಿ ಇಳೀಬೇಕು, ಕತ್ತು ಹಿಂಗೆ ಬಂದು ಹಂಗೆ ಹೋಗ್ಬೇಕು" ಅಂತ ಗಾಳಿಯಲ್ಲಿ ಬೆರಳಾಡಿಸಿ ಹೋಗುತ್ತಾರೆ. ಅಷ್ಟನ್ನು ಕೇಳಿ ನಾನು ಕತ್ತರಿ ಹಿಡಿಯಬೇಕು. ಇವತ್ತು ಹೇಳುವ ಸರದಿ ನನ್ನದು, ಕತ್ತರಿ ನಿಮ್ಮ ಕೈಲಿ.

ನಮ್ಮದು ವಿದುರಾಶ್ವತ್ಥಕ್ಕೆ ನಡೆದು ಹೋಗುವಷ್ಟು ಹತ್ತಿರದ ಹಳ್ಳಿ, ಗೌರಿಬಿದನೂರು ತಾಲ್ಲೂಕು. ಪಕ್ಕದಲ್ಲಿ ಉತ್ತರ ಪಿನಾಕಿನಿ. ಹೊಳೆ ಎಂದು ಹೆಸರು, ನೀರು ಕಾಣುವುದು ಮಳೆ ಕೈಹಿಡಿದ ವರ್ಷ ಮಾತ್ರ. ರೈಲು ಹತ್ತಿದರೆ ಈ ಕಡೆ ಗೌರಿಬಿದನೂರು, ಆ ಕಡೆ ಆಂಧ್ರದ ಹಿಂದೂಪುರ. ಮನೆಯೊಳಗೆ ಶುರುವಾದ ಕನ್ನಡದ ಮಾತು ಬೀದಿಗೆ ಬರುವಷ್ಟರಲ್ಲಿ ತೆಲುಗಾಗಿರುವುದು ನಮ್ಮ ಕಡೆ ದಿನಬಳಕೆ. ಮಹಾಭಾರತದ ವಿದುರ ನೆಟ್ಟ ಅರಳಿಮರ ಇಲ್ಲಿತ್ತು ಎಂಬ ನಂಬಿಕೆಯಿಂದ ಊರಿಗೆ ಆ ಹೆಸರು ಬಂತು. ಆ ಹಳೆಯ ಮರ ಬಿದ್ದು ಇಪ್ಪತ್ತು ವರ್ಷಗಳ ಮೇಲಾಯಿತು. ನಾಗರಕಲ್ಲುಗಳು ಮಾತ್ರ ಸಾಲುಸಾಲಾಗಿ ಹಾಗೇ ನಿಂತಿವೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಕಲ್ಲು ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ, ರವಿಕೆ ಕಣ ಏರಿಸಿ ಹೋಗುತ್ತಾರೆ. ಈ ಕಣದ ಮಾತು ಸ್ವಲ್ಪ ನೆನಪಿರಲಿ, ಮುಂದೆ ಬೇಕಾಗುತ್ತದೆ.

1978ರಲ್ಲಿ ಓದು ಅರ್ಧಕ್ಕೆ ನಿಂತ ನನ್ನನ್ನು ಅಪ್ಪ ಗೌರಿಬಿದನೂರಿನ ಒಂದು ಟೈಲರ್ ಅಂಗಡಿಗೆ ಸೇರಿಸಿದರು. ಹತ್ತಡಿ ಉದ್ದದ ಅಂಗಡಿ, ಕಾಲಲ್ಲಿ ತುಳಿಯುವ ಎರಡು ಮಿಷನ್ನು, ಇದ್ದಿಲ ಇಸ್ತ್ರಿಪೆಟ್ಟಿಗೆ. ಮೊದಲ ಆರು ತಿಂಗಳು ನನಗೆ ಕೊಟ್ಟ ಕೆಲಸ ಕಾಜ ಹೊಲಿಯುವುದು, ಹುಕ್ಕು ಕಟ್ಟುವುದು. ಮಿಷನ್ನಿನ ಹತ್ತಿರ ಸೇರಿಸುತ್ತಿರಲಿಲ್ಲ. ಕೂತ ಜಾಗದಿಂದ ತಲೆ ಎತ್ತಿದರೆ ಎದುರು ಗೋಡೆಯಲ್ಲಿ ಮೂರು ಚಿತ್ರಗಳು: ಲಕ್ಷ್ಮಿ, ಅಂಗಡಿ ನಡೆಸುತ್ತಿದ್ದ ಟೈಲರ್ ಮಾಸ್ಟರ ತಂದೆ, ಮತ್ತು ಕಲ್ಪನಾ.

ಈಗಿನ ಮಕ್ಕಳಿಗಾಗಿ ಎರಡು ಮಾತು. ಕಲ್ಪನಾ ಎಂದರೆ ನಮ್ಮ ಕಾಲದ ಮಿನುಗುತಾರೆ. 1963ರಲ್ಲಿ ಬಿ.ಆರ್. ಪಂತುಲು ಅವರ 'ಸಾಕು ಮಗಳು' ಚಿತ್ರದಿಂದ ಬಂದವರು. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ', 'ಗೆಜ್ಜೆಪೂಜೆ', 'ಶರಪಂಜರ' ನೋಡಿದವರು ಅವರನ್ನು ಮರೆತಿಲ್ಲ. 'ಶರಪಂಜರ'ದಲ್ಲಿ ತ್ರಿವೇಣಿ ಅವರ ಕಾದಂಬರಿಯ ಕಾವೇರಿಯಾಗಿ ಅವರು ಮನಸ್ಸು ಕಳೆದುಕೊಳ್ಳುವುದನ್ನು ಕಂಡು ಟೆಂಟಿನಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅತ್ತವರೇ ಮಾರನೆಯ ದಿನ ಕಣ ಹಿಡಿದು ಟೈಲರ ಹತ್ತಿರ ಬಂದರು. ಆ ದೊಡ್ಡ ಕುಂಕುಮ, ಎತ್ತಿ ಕಟ್ಟಿದ ಕೂದಲು, ಸೀರೆಗೆ ಒಪ್ಪುವ ಉದ್ದ ತೋಳಿನ ರವಿಕೆ ಇವೆಲ್ಲ ಊರೂರಿಗೆ ಹೋದವು. 'ಕಲ್ಪನಾ ರವಿಕೆ' ಎಂದರೆ ಸಾಕಿತ್ತು, ಟೈಲರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ.

ಗೋಡೆಯ ಮೇಲಿದ್ದದ್ದು ಅಂಗೈಯಗಲದ ಕಪ್ಪು ಬಿಳುಪಿನ ಚಿತ್ರ. ಯಾವುದೋ ಪತ್ರಿಕೆಯಿಂದ ಮಾಸ್ಟರೇ ಬಟ್ಟೆಯ ಕತ್ತರಿಯಲ್ಲಿ ಕತ್ತರಿಸಿದ್ದು. ಕತ್ತರಿ ಓಡಿದ ಭರದಲ್ಲಿ ಅಂಚು ಹೋಗಿ, ಕೆಳಗೆ 'ಚಿತ್ರ' ಎಂಬ ಎರಡಕ್ಷರ, ಎರಡು ಚುಕ್ಕೆ ಉಳಿದು ತೆಗೆದವರ ಹೆಸರು ಚಿಂದಿಗಳ ಜೊತೆ ಗುಡಿಸಿಹೋಗಿತ್ತು. ಕಲ್ಪನಾ ಒಂದು ಕುರ್ಚಿಯ ಬೆನ್ನಿನ ಮೇಲೆ ಎಡಗೈ ಇಟ್ಟು ನಿಂತಿದ್ದಾರೆ. ಮುಖ ನಮ್ಮ ಕಡೆ, ನೋಟ ನಮ್ಮನ್ನು ದಾಟಿ ಎಲ್ಲೋ. ತೋಳು ಹೆಗಲ ಹತ್ತಿರ ಉಬ್ಬಿ ಎದ್ದು, ಮೊಳಕೈಯಿಂದ ಕೆಳಗೆ ಚರ್ಮಕ್ಕೆ ಅಂಟಿದ ಹಾಗೆ ಇಳಿದು, ಮಣಿಕಟ್ಟಿನಲ್ಲಿ ಸೀರೆಯ ಅಂಚಿನದೇ ಒಂದು ಪಟ್ಟಿಯಲ್ಲಿ ಮುಗಿಯುತ್ತದೆ. ಕತ್ತಿನ ಕೆಳಗೆ ಎಲೆಯಾಕಾರದ ಕೊರೆತ. ಇಷ್ಟೇ ಚಿತ್ರ.

ಮಾಸ್ಟರು ನನಗೆ ಒಂದು ವರ್ಷದವರೆಗೆ ಪಾಠ ಅಂತ ಏನೂ ಹೇಳಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಚಿತ್ರದ ಕಡೆ ಕೈ ತೋರಿಸಿ, "ಅಮ್ಮಣ್ಣಿ, ಆ ರವಿಕೆ ಹೊಲೀತೀಯಾ?" ಎಂದರು. ಬಾಯಿ ತಡೆಯದೆ "ಹೊಲೀತೀನಿ" ಎಂದೆ. "ಮುಂದಿಂದು ಚಿತ್ರದಾಗೈತೆ. ಹಿಂದಿಂದು ಎಲ್ಲೈತೆ?" ಎಂದು ಕೇಳಿ ಬೀಡಿ ಹಚ್ಚಿಕೊಂಡು ಹೊರಗೆ ಹೋದರು. ನನಗೆ ಉತ್ತರ ಗೊತ್ತಿರಲಿಲ್ಲ. ಚಿತ್ರದ ಹಿಂದುಗಡೆ ಏನಾದರೂ ಇದೆಯೇನೋ ಎಂದು ಅವರು ಅತ್ತ ಹೋದಮೇಲೆ ಸ್ಟೂಲು ಹತ್ತಿ ಫ್ರೇಮು ತಿರುಗಿಸಿ ನೋಡಿದ್ದೂ ಉಂಟು. ರಟ್ಟು, ಎರಡು ಮೊಳೆ, ಒಂದು ಜೇಡರ ಬಲೆ.

ತೋಳಿನ ಗುಟ್ಟು ಮಾತ್ರ ಕೈಗೆ ಬಂತು. ಉಬ್ಬು ತೋಳು ಉಬ್ಬುವುದು ಬಟ್ಟೆಯ ಗುಣದಿಂದ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ, ಅದು ಲೆಕ್ಕ. ತೋಳಿನ ಮೇಲಿನ ಕಮಾನನ್ನು ಇರಬೇಕಾದ್ದಕ್ಕಿಂತ ಒಂದೂವರೆ ಎರಡು ಇಂಚು ಎತ್ತರಿಸಿ, ಅಗಲವನ್ನೂ ಹೆಚ್ಚಿಸಿ ಕತ್ತರಿಸಬೇಕು. ಅದರ ಅಂಚಿನಲ್ಲಿ ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ, ದಾರದ ತುದಿ ಹಿಡಿದು ನಿಧಾನಕ್ಕೆ ಎಳೆದರೆ ಬಟ್ಟೆ ನೆರಿಗೆ ನೆರಿಗೆಯಾಗಿ ಕುಗ್ಗುತ್ತದೆ. ಆ ಕುಗ್ಗಿದ ಅಂಚು ಕಂಕುಳ ಸುತ್ತಿಗೆ ಸರಿಯಾಗಿ ಕೂರಬೇಕು. ನೆರಿಗೆಯೆಲ್ಲ ಹೆಗಲ ತುದಿಗೆ ಸೇರಬೇಕು, ಕಂಕುಳಿಗೆ ಇಳಿಯಬಾರದು, ಇಳಿದರೆ ಕೈ ಎತ್ತಿದಾಗ ಒತ್ತುತ್ತದೆ. ಒಳಗೆ ಒಂದು ಬೆರಳಗಲದ ಕ್ಯಾನ್ವಾಸ್ ಪಟ್ಟಿ ಇಟ್ಟರೆ ಉಬ್ಬು ನಿಲ್ಲುತ್ತದೆ, ಇಲ್ಲದಿದ್ದರೆ ಎರಡು ಒಗೆತಕ್ಕೆ ಬಾಡಿದ ಬದನೆಕಾಯಿ. ಕೆಳಗಿನ ಬಿಗಿ ತೋಳಿಗೆ ಬಟ್ಟೆಯನ್ನು ಕ್ರಾಸಾಗಿ ಕತ್ತರಿಸಬೇಕು, ಆಗ ಮೊಳಕೈ ಮಡಚಿದರೆ ಬಟ್ಟೆ ಹಿಗ್ಗಿ ಕೊಡುತ್ತದೆ. ಚಿತ್ರದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅಲ್ಲಿ ಕಾಣುವುದು ಉಡುಪು. ಹೊಲಿಗೆ ಒಳಗಿರುತ್ತದೆ.

ಇನ್ನು ಕಣದ ಕಥೆ. ಸಾಮಾನ್ಯ ರವಿಕೆಗೆ ಎಂಬತ್ತು ಸೆಂಟಿಮೀಟರ್ ಬಟ್ಟೆ ಬೇಕು, ಉದ್ದ ತೋಳಿಗೆ ಒಂದು ಮೀಟರ್. ನಾಗಪ್ಪನಿಗೆ ಏರಿಸುವ, ಅರಿಸಿನ ಕುಂಕುಮಕ್ಕೆ ಕೊಡುವ ಕಣ ಅಷ್ಟಿರುವುದಿಲ್ಲ. ಅದು ಹೊಲಿಸುವುದಕ್ಕೆ ಅಂತ ಇರುವುದೂ ಅಲ್ಲ, ಈ ಮನೆಯಿಂದ ಆ ಮನೆಗೆ, ಆ ಮನೆಯಿಂದ ಇನ್ನೊಂದು ಮನೆಗೆ ಓಡಾಡುತ್ತಾ ಇರುತ್ತದೆ. ಒಂದು ಸಲ ನಮ್ಮ ಕಡೆಯ ಒಬ್ಬ ಹುಡುಗಿ, ದೇವಸ್ಥಾನದಲ್ಲಿ ಮಡಿಲಿಗೆ ಬಿದ್ದ ಹಸಿರು ಕಣ ತಂದು, "ಅಕ್ಕ, ಇದ್ರಲ್ಲಿ ಕಲ್ಪನಾ ತೋಳು ಬರ್ಬೇಕು" ಎಂದಳು. ಅಷ್ಟು ಬಟ್ಟೆ ಉದ್ದ ತೋಳಿಗೆ ಸಾಲದು. ಆಗುವುದಿಲ್ಲ ಎಂದರೆ ಕಣ್ಣಲ್ಲಿ ನೀರು. ಹೋದ ವರ್ಷ ಕಳೆದುಕೊಂಡ ಮಗುವಿನ ನಂತರ ಸಿಕ್ಕ ಪ್ರಸಾದದ ಬಟ್ಟೆ ಅದು, ಬೇರೆ ಬಟ್ಟೆ ಒಲ್ಲಳು. ಚಿಂದಿಗಂಟು ಬಿಚ್ಚಿ ಹುಡುಕಿದೆ. ಯಾರದೋ ಕುಂಕುಮ ಬಣ್ಣದ ರೇಷ್ಮೆಯ ತುಂಡು ಸಿಕ್ಕಿತು. ಉಬ್ಬನ್ನು ಕೆಂಪಿನಲ್ಲಿ, ಕೆಳಗಿನ ಬಿಗಿ ತೋಳನ್ನು ಹಸಿರಿನಲ್ಲಿ ಮಾಡಿ, ಜೋಡಿಸಿದ ಗುರುತು ಕಾಣದಂತೆ ನಡುವೆ ಒಂದು ಸಣ್ಣ ಜರಿ ಪಟ್ಟಿ ಹಾಕಿದೆ. ಮುಂದಿನ ಜಾತ್ರೆಗೆ ಅಂಥದ್ದೇ ಬೇಕು ಎಂದು ಏಳು ಜನ ಬಂದರು. ಸಾಲದ ಬಟ್ಟೆಗೆ ಮಾಡಿದ ಉಪಾಯ ಆ ವರ್ಷದ ಫ್ಯಾಷನ್ ಆಯಿತು. ಚಿತ್ರ ಕಪ್ಪು ಬಿಳುಪಿನದಾಗಿದ್ದು ಒಳ್ಳೆಯದಾಯಿತು ಎಂದು ಅವತ್ತು ಅನ್ನಿಸಿತು. ಬಣ್ಣ ಯಾವುದೆಂದು ಅದು ಯಾರಿಗೂ ಅಪ್ಪಣೆ ಕೊಡಲಿಲ್ಲ.

1979ರ ಮೇ ತಿಂಗಳಲ್ಲಿ, ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ಕಲ್ಪನಾ ತೀರಿಕೊಂಡ ಸುದ್ದಿ ಬಂತು. ಮೂವತ್ತೈದು ವರ್ಷ. ಮಾಸ್ಟರು ಆ ದಿನ ಮಿಷನ್ ತುಳಿಯಲಿಲ್ಲ. ಚಿತ್ರಕ್ಕೆ ಒಂದು ಮೊಳ ಕಾಕಡ ಹಾಕಿದರು. ಆಮೇಲೆ ಒಂದು ತೊಡಕು ಶುರುವಾಯಿತು. ಅದು ಮದುವೆ ಕಾಲ. ಹೆಣ್ಣಿನ ತಾಯಂದಿರು ಬಂದು ತಗ್ಗಿದ ದನಿಯಲ್ಲಿ, "ಆ ತೋಳು ಬ್ಯಾಡ ಕಣಪ್ಪ, ಬೇರೆ ಹಾಕು" ಎನ್ನತೊಡಗಿದರು. ನಿನ್ನೆಯವರೆಗೆ ಬೇಡಿಕೊಂಡು ಹೊಲಿಸಿದ ತೋಳು ಇವತ್ತು ಅಪಶಕುನ. ಕೆಲವರು ಹೊಲಿದದ್ದನ್ನೂ ಬಿಚ್ಚಿಸಿದರು. ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದೇ ನೆರಿಗೆಯನ್ನು ಸೂಜಿಮೊನೆಯಲ್ಲಿ ಬಿಡಿಸಿ, ಉಬ್ಬನ್ನು ಮಟ್ಟ ಮಾಡಿ, ಹಳೆಯ ಹೊಲಿಗೆಯ ತೂತುಗಳ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತಿದ್ದೆ. ಹೊಲಿಯುವುದನ್ನು ನಾನು ಸರಿಯಾಗಿ ಕಲಿತದ್ದು ಆ ಬಿಚ್ಚುವುದರಲ್ಲಿ. ನಾಲ್ಕೈದು ವರ್ಷ ಕಳೆದವು, ಅಪಶಕುನ ಎಲ್ಲರಿಗೂ ಮರೆತುಹೋಯಿತು, ತೋಳು ಮರಳಿ ಬಂತು. ಅಲ್ಲಿಂದ ಈಚೆಗೆ ಅದು ಹೋಗಿ ಬಂದು ಮಾಡಿದ್ದನ್ನು ಮೂರು ಸಲ ನೋಡಿದ್ದೇನೆ.

ನಮ್ಮ ಸೀಮೆಯಲ್ಲಿ ಬಟ್ಟೆ ಬರೀ ಅಲಂಕಾರದ ಮಾತಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಮ್ಮ ಜಿಲ್ಲೆಯಲ್ಲೇ ಇದೆ. ನೂಲು ಬಿಚ್ಚಾಣಿಕೆಗೆ ಹೋಗುವ ಒಬ್ಬರು ನನ್ನ ಹಳೆಯ ಗಿರಾಕಿ. ಬಿಸಿನೀರಲ್ಲಿ ಗೂಡು ಆಡಿಸಿ ಆಡಿಸಿ ಅವರ ಬೆರಳು ಬಿಳಿಚಿ ಸುಕ್ಕುಗಟ್ಟಿವೆ. ಒಂದು ಗೂಡಿನಲ್ಲಿ ಎಂಟುನೂರು, ಸಾವಿರ ಮೀಟರ್ ಎಳೆ ಬರುತ್ತದೆ. ಆ ಬೆರಳುಗಳು ನನ್ನ ಹೊಲಿಗೆಯ ಮೇಲೆ ಓಡಿದರೆ ಸಾಕು, ಎಲ್ಲಿ ದಾರ ಬಿಗಿಯಾಗಿದೆ, ಎಲ್ಲಿ ಸಡಿಲ ಎಂದು ಕಣ್ಮುಚ್ಚಿ ಹೇಳುತ್ತಾರೆ. ಅವರು ಸ್ವಂತಕ್ಕೆ ಹೊಲಿಸುವುದು ಮಾತ್ರ ನೂಲಿನ ರವಿಕೆ.

ಇನ್ನು ವಿದುರಾಶ್ವತ್ಥವೆಂದರೆ 1938ರ ಏಪ್ರಿಲ್ 25. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಅಡ್ಡಿ ಇದ್ದಾಗ, ಅದೇ ತಿಂಗಳು ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ಬೆನ್ನಿಗೆ, ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತು. ನಮ್ಮ ಜನರ ಲೆಕ್ಕ ಮೂವತ್ತು ದಾಟುತ್ತದೆ. ಆಮೇಲೆ ಸರ್ದಾರ್ ಪಟೇಲರು, ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಇಲ್ಲಿನ ಹುತಾತ್ಮರ ಸ್ಮಾರಕದ ಚಿತ್ರಗಳ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಹೋಗುವುದು ಬಟ್ಟೆಯ ಮೇಲೆ. ಕೇಸರಿ, ಬಿಳಿ, ಹಸಿರು ಎಂದರೆ ಮೂರು ಪಟ್ಟಿ. ಮೂರು ಪಟ್ಟಿ ಸೇರಬೇಕಾದರೆ ಎರಡು ಹೊಲಿಗೆ. ದಪ್ಪ ಖಾದಿಗೆ ಸೂಜಿ ಸುಲಭವಾಗಿ ಹೋಗುವುದಿಲ್ಲ. ಬಾವುಟ ಹಿಡಿದವರ ಹೆಸರು ಕಲ್ಲಿನಲ್ಲಿದೆ, ಅದು ಸರಿಯೇ. ಆ ಎರಡು ಹೊಲಿಗೆ ಹಾಕಿದ ಕೈ ಯಾವ ದೀಪದ ಬೆಳಕಿನಲ್ಲಿ ಕೂತಿತ್ತೋ ಎಂದು ಟೈಲರಾದವಳಿಗೆ ಅನ್ನಿಸದೆ ಇರುತ್ತದೆಯೇ?

ನನ್ನ ಮಗಳು ಬೆಂಗಳೂರಿನಲ್ಲಿ ಉಡುಪಿನ ವಿನ್ಯಾಸ ಓದಿದಳು. ಒಂದು ಯುಗಾದಿಗೆ ಬಂದವಳು ದಪ್ಪ ಪುಸ್ತಕ ಬಿಚ್ಚಿ, "ನಿನ್ನ ಕಲ್ಪನಾ ಥರಾನೇ ಪ್ರಪಂಚಕ್ಕೆಲ್ಲ ಇದು ಕಣಮ್ಮ" ಎಂದು ಒಂದು ಫೋಟೊ ತೋರಿಸಿದಳು. 1955ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಒಂದು ಸರ್ಕಸ್ಸಿನಲ್ಲಿ ರಿಚರ್ಡ್ ಅವೆಡಾನ್ ತೆಗೆದದ್ದು. ಡೊವಿಮಾ ಎಂಬ ರೂಪದರ್ಶಿ, ಡಿಯೋರ್ ಎಂಬ ಉಡುಪು ಸಂಸ್ಥೆಯ ಕಪ್ಪು ನಿಲುವಂಗಿ, ಸೊಂಟದಿಂದ ಇಳಿದ ಬಿಳಿ ರೇಷ್ಮೆ ಪಟ್ಟಿ. ಎರಡೂ ಕೈ ಚಾಚಿ ಆನೆಗಳ ನಡುವೆ ನಿಂತಿದ್ದಾಳೆ. ಡೊರೊಥಿ ವರ್ಜೀನಿಯಾ ಮಾರ್ಗರೆಟ್ ಎಂಬ ತನ್ನ ಮೂರು ಹೆಸರುಗಳ ಮೊದಲೆರಡು ಅಕ್ಷರ ಸೇರಿಸಿ 'ಡೊವಿಮಾ' ಆದವಳಂತೆ. ಆ ಉಡುಪು ಬಿಡಿಸಿದ್ದು ಆಗಿನ್ನೂ ಹತ್ತೊಂಬತ್ತು ವರ್ಷದ ಈವ್ ಸಾಂ ಲೊರಾಂ ಎಂದೂ ಮಗಳು ಹೇಳಿದಳು.

ನಾನು ಮೊದಲು ನೋಡಿದ್ದು ಆನೆಯ ಕಾಲಿನ ಸರಪಳಿ. ಎರಡನೆಯದಾಗಿ ಆ ಬಿಳಿ ಪಟ್ಟಿ. ಅಷ್ಟು ಬಟ್ಟೆಯ ಭಾರ ಸೊಂಟದಲ್ಲಿ ಜಗ್ಗದಂತೆ ನಿಲ್ಲಬೇಕಾದರೆ ಒಳಗೆ ಏನೋ ಕಟ್ಟಿರಬೇಕು. "ಇದನ್ನು ಹೊಲಿದೋರು ಯಾರು?" ಎಂದೆ. ಮಗಳು ಪುಟ ತಿರುವಿದಳು. ತೆಗೆದವರ ಹೆಸರಿತ್ತು, ನಿಂತವಳ ಹೆಸರಿತ್ತು, ಸಂಸ್ಥೆಯ ಹೆಸರಿತ್ತು. "ಅದೆಲ್ಲ ಬರೆಯಲ್ಲಮ್ಮ" ಎಂದಳು. ಪ್ಯಾರಿಸ್ಸಿಗೂ ಗೌರಿಬಿದನೂರಿಗೂ ಇಷ್ಟರಲ್ಲಿ ವ್ಯತ್ಯಾಸವಿಲ್ಲ ಎಂದು ಸಮಾಧಾನವಾಯಿತು.

ಕಲ್ಪನಾ ಚಿತ್ರ ಈಗ ನನ್ನ ಅಂಗಡಿಯಲ್ಲಿದೆ. ಮಾಸ್ಟರು ಕಣ್ಣು ಮಂಜಾಗಿ ಅಂಗಡಿ ಮುಚ್ಚಿದಾಗ, ಕತ್ತರಿಯ ಜೊತೆ ಅದನ್ನೂ ಕೊಟ್ಟರು. ಒಂದು ದಿನ ಗಾಜು ಒಡೆದು, ಚಿತ್ರವನ್ನು ಹೊರಗೆ ತೆಗೆದು ಕಣ್ಣ ಹತ್ತಿರ ಹಿಡಿದೆ. ಅಷ್ಟು ವರ್ಷದಲ್ಲಿ ಕಾಣದ್ದು ಕಂಡಿತು. ಎಡ ಹೆಗಲಿನಲ್ಲಿ, ಮುಂಭಾಗಕ್ಕೆ ಸೇರುವ ಕಡೆ, ಒಂದು ನೆರಿಗೆ ಪಕ್ಕದ ನೆರಿಗೆಯ ಮೇಲೆ ಹತ್ತಿ ಕೂತಿದೆ. ದಾರ ಎಳೆಯುವಾಗ ಅವಸರವಾದರೆ ಹಾಗಾಗುತ್ತದೆ. ನನಗೂ ಸಾವಿರ ಸಲ ಆಗಿದೆ. ಬೆಳಗ್ಗೆ ಶೂಟಿಂಗು, ರಾತ್ರಿ ಹನ್ನೊಂದಕ್ಕೆ ಇನ್ನೊಂದು ತೋಳು ಬಾಕಿ ಎನ್ನುವ ಯಾರೋ ಒಬ್ಬರು ಅಲ್ಲಿ ಕೂತಿದ್ದರು ಎಂದು ಆ ಒಂದು ನೆರಿಗೆ ಹೇಳಿತು. ಅಲ್ಲಿಯವರೆಗೆ ನಾನು ಆ ಚಿತ್ರಕ್ಕೆ ಕೈ ಮುಗಿಯುತ್ತಿದ್ದೆ. ಅವತ್ತಿನಿಂದ ಅದರ ಜೊತೆ ಮಾತಾಡುತ್ತೇನೆ.

ಈಗ ಹುಡುಗಿಯರು ಮೊಬೈಲು ತರುತ್ತಾರೆ. ಎರಡು ಬೆರಳಲ್ಲಿ ಹಿಗ್ಗಿಸಿ ಒಂದೊಂದು ಮಣಿ ತೋರಿಸಿ, "ಆಂಟಿ, ಸೇಮ್ ಹಿಂಗೇ" ಎನ್ನುತ್ತಾರೆ. ಹಿಂಗೇ ಬರುವುದಿಲ್ಲ ತಾಯಿ, ಆ ಹೆಗಲು ಬೇರೆ, ನಿನ್ನ ಹೆಗಲು ಬೇರೆ ಎಂದು ಟೇಪು ಹಿಡಿಯುತ್ತೇನೆ. ಗದ್ದೆಯಲ್ಲಿ ಕೆಲಸ ಮಾಡುವವಳ ಬಲತೋಳು ಎಡಕ್ಕಿಂತ ಅರ್ಧ ಇಂಚು ದಪ್ಪ. ದಿನವೆಲ್ಲ ಕೂತು ಕೆಲಸ ಮಾಡುವವಳ ಬೆನ್ನು ಮೇಲ್ಗಡೆ ಬಾಗಿರುತ್ತದೆ. ಹಾಲೂಡಿಸುವವಳಿಗೆ ಹುಕ್ಕು ಮುಂದೆಯೇ ಬೇಕು. ಚಿತ್ರ ಇದನ್ನೆಲ್ಲ ಬಲ್ಲದೇ?

ಮಾಸ್ಟರ ಪ್ರಶ್ನೆಗೆ ನಾನು ಬಾಯಲ್ಲಿ ಉತ್ತರ ಹೇಳಲೇ ಇಲ್ಲ. ಹಿಂದಿನದು ಎಲ್ಲೂ ಇರಲಿಲ್ಲ, ಅದಕ್ಕೆ ನಾನೇ ಕತ್ತರಿಸಬೇಕಾಯಿತು. ಮೊದಮೊದಲು ಹೆದರಿ ಬರೀ ದುಂಡಗೆ ಕತ್ತರಿಸುತ್ತಿದ್ದೆ. ಆಮೇಲೆ ಒಬ್ಬರಿಗೆ ಅರಳಿ ಎಲೆಯ ಆಕಾರ ಬಂತು, ಚೂಪು ತುದಿ ಕೆಳಗೆ. ಇನ್ನೊಬ್ಬರಿಗೆ ಎರಡು ದಾರ ಕಟ್ಟಿ ತುದಿಗೆ ಬಟ್ಟೆಯ ಗುಂಡು. ಬಾಗಿದ ಬೆನ್ನಿಗೆ ಚೌಕ, ಗಿಡ್ಡ ಕತ್ತಿಗೆ ಆಳ. ಎಲ್ಲರೂ ಕಲ್ಪನಾ ರವಿಕೆ ಎಂದೇ ಹೊಲಿಸಿಕೊಂಡು ಹೋದರು.

ಹೋದ ಚೈತ್ರದಲ್ಲಿ ಅಶ್ವತ್ಥನಾರಾಯಣಸ್ವಾಮಿ ತೇರಿಗೆ ಹೋಗಿದ್ದೆ. ದರ್ಶನದ ಸಾಲು ಉದ್ದವಿತ್ತು, ಬಿಸಿಲು ಸುಡುತ್ತಿತ್ತು. ಸಾಲಿನಲ್ಲಿ ನಿಂತವರಿಗೆ ದೇವರು ಕಾಣುವುದು ಕೊನೆಗೆ, ಒಂದು ಗಳಿಗೆ. ಅಲ್ಲಿಯವರೆಗೆ ಕಾಣುವುದು ಮುಂದಿರುವವರ ಬೆನ್ನು. ಎರಡು ಗಂಟೆ ನಾನು ನೋಡಿದ್ದು ಅದನ್ನೇ. ನಾಲ್ಕನೆಯ ಹೆಂಗಸಿನ ಬೆನ್ನಿನಲ್ಲಿ ಒಂದು ಅರಳಿ ಎಲೆ ಇತ್ತು.